ಬಾಣದಕ್ಕ ಮೇಜು ಬಿಟ್ಟು ಬಂದ ದಿನ

ನಮ್ಮ ಶರ್ಟ್ ಕಾರ್ಖಾನೆಯಲ್ಲಿ ಸಂಜೆ ನಾಲ್ಕಾದರೆ ನಲವತ್ತು ಹೆಂಗಸರ ಕಿವಿ ನೆಟ್ಟಗಾಗುತ್ತದೆ. ಬಾಣದಕ್ಕ ತನ್ನ ಮೇಜು ಬಿಟ್ಟು, ಕೈಯಲ್ಲೊಂದು ಶರ್ಟು ಹಿಡಿದು, ಮೆಷಿನ್ನುಗಳ ಸಾಲಿನೊಳಗೆ ನಡೆದು ಬರುವ ಹೊತ್ತು ಅದು. ಆ ದಿನ ಕಣ್ಣಿಗೆ ಬಿದ್ದ ಒಳ್ಳೆಯ ಕೆಲಸ ಯಾರದೋ ಅವರ ಮುಂದೆ ನಿಂತು, ಯಾವುದು ಚೆನ್ನಾಗಿದೆ, ಯಾಕೆ ಚೆನ್ನಾಗಿದೆ ಎಂದು ಬೆರಳಿಟ್ಟು ತೋರಿಸಿ ಹೋಗುತ್ತಾಳೆ. ದಿನಕ್ಕೆ ಒಬ್ಬರು, ಒಂದೇ ನಿಮಿಷ. ಸುಮ್ಮಸುಮ್ಮನೆ ಬೆಣ್ಣೆ ಹಚ್ಚುವ ಪೈಕಿ ಅಲ್ಲ. ನನ್ನ ಸರದಿ ಬಂದದ್ದು ಇದು ಶುರುವಾದ ನಲವತ್ಮೂರನೆಯ ದಿನ, ಅಂದರೆ ಸಾಲಿನ ಬೇರೆಲ್ಲರಿಗೂ ಆಗಿ, ಮೂವರಿಗೆ ಎರಡನೆಯ ಸಲವೂ ಆದ ಮೇಲೆ.

"ಈ ತೋಳು ಸೊಟ್ಟ ಬಂದಿತ್ತು. ನಾನು ನೋಡೋಕೆ ಮುಂಚೆ ನೀನೇ ಬಿಚ್ಚಿ ಹೊಲಿದಿದ್ದೀಯ. ಎರಡು ಸೂಜಿ ತೂತು ಬಿಟ್ರೆ ಗುರುತೇ ಇಲ್ಲ" ಎಂದಳು.

ಮನೆಗೆ ಹೋಗಿ ಗಂಡನಿಗೆ ಮೂರು ಸಲ ಹೇಳಿದೆ. ಮೂರನೆಯ ಸಲ ಆತ, "ಯಾವ ಕೈ ತೋಳು?" ಎಂದು ಕೇಳಿದ. ಎಡಗೈ ಅಂದೆ.

ಮೊದಲು ಇದೆಲ್ಲ ಎಲ್ಲಿತ್ತು? ಬಾಣದಕ್ಕನ ಕೆಲಸವೇ ತಪ್ಪು ಹುಡುಕುವುದು. ಸಾಲಿನ ಕೊನೆಯಲ್ಲಿ ಟ್ಯೂಬ್‌ಲೈಟಿನ ಕೆಳಗೆ ನಿಂತು ಒಂದೊಂದು ಶರ್ಟನ್ನೂ ತಿರುಗಿಸಿ ನೋಡುತ್ತಾಳೆ. ತಪ್ಪು ಕಂಡ ಕಡೆ ಬಾಣದ ಆಕಾರದ ಕೆಂಪು ಚೀಟಿ ಅಂಟಿಸಿ, ಹೊಲಿದವರಿಗೆ ವಾಪಸ್ ಕಳಿಸುತ್ತಾಳೆ. ಅವರು ಬಿಚ್ಚಿ ಮತ್ತೆ ಹೊಲಿಯಬೇಕು. ನಲವತ್ತು ಮೆಷಿನ್ನುಗಳ ಗದ್ದಲದಲ್ಲಿ ಅಲ್ಲಿಂದ ಆಡಿದ ಮಾತು ಯಾರಿಗೂ ಕೇಳಿಸುವುದಿಲ್ಲ, ಹಾಗಾಗಿ ನಮ್ಮ ನಡುವೆ ಇದ್ದ ಪತ್ರವ್ಯವಹಾರ ಇಷ್ಟೇ. ಅವಳ ಕಣ್ಣಿಗೆ ಮನೆಯಲ್ಲೂ ರಜೆಯಿಲ್ಲ. ಗಂಡ ಗಡ್ಡ ಬೋಳಿಸಿಕೊಂಡು ಬಂದರೆ ಗಲ್ಲ ಹಿಡಿದು ಕಿಟಕಿಯ ಕಡೆ ತಿರುಗಿಸುತ್ತಾಳಂತೆ. ಪಾಪದ ಮನುಷ್ಯ ಈಗ ಗಡ್ಡ ಬಿಟ್ಟಿದ್ದಾನೆ.

ಹೀಗಿರುವಾಗ ಒಂದು ಸೋಮವಾರ ನಮ್ಮ ಕಾಲರ್‌ನವಳು ಕೆಲಸ ಬಿಡುತ್ತೇನೆಂದು ಮ್ಯಾನೇಜರ್ ಕೈಗೆ ಕಾಗದ ಕೊಟ್ಟಳು. ಶನಿವಾರವೇ ಕೊನೆ, ಆಮೇಲೆ ಬೇರೆ ಕಾರ್ಖಾನೆಗೆ. ಶರ್ಟಿನಲ್ಲಿ ಕಷ್ಟದ ಕೆಲಸವೆಂದರೆ ಕಾಲರ್. ಅದನ್ನು ಒಂಬತ್ತು ವರ್ಷದಿಂದ ಹೊಲಿಯುತ್ತಿದ್ದವಳು ಅವಳು. ಹೊಸ ಕಾರ್ಖಾನೆಯಲ್ಲಿ ಸಂಬಳ ಹೆಚ್ಚೇನೋ ಎಂದುಕೊಂಡು ಊಟದ ಹೊತ್ತಿನಲ್ಲಿ ಕೇಳಿದೆ.

"ಅಷ್ಟೇ ಸಂಬಳ ಕಣೆ" ಎಂದಳು. "ಅಲ್ಲಿ ಯಾರೂ ನನ್ನ ಮುಖ ನೋಡದಿದ್ರೆ, ಹೊಸಬಳು ನಾನು, ಅದಕ್ಕೇ ಅಂದ್ಕೋಬಹುದು. ಇಲ್ಲಿ ಏನಂತ ಅಂದ್ಕೊಳ್ಳಲಿ?"

ನನ್ನ ಬಾಯಲ್ಲಿ ಮಾತು ನಿಲ್ಲುತ್ತದೆಯೇ? ಹೋಗಿ ಬಾಣದಕ್ಕನ ಕಿವಿಗೆ ಹಾಕಿದೆ. ಅವಳು ಕನ್ನಡಕವನ್ನು ಹಣೆಗೇರಿಸಿಕೊಂಡು ಬೆರಳು ಮಡಚಿ ಲೆಕ್ಕ ಹಾಕಿದಳು.

"ಒಂಬತ್ತು ವರ್ಷದಲ್ಲಿ ಅವಳಿಗೆ ಹನ್ನೊಂದು ಬಾಣ ಹೋಗಿದೆ. ನಿನಗೆ ಹೋದ ವಾರ ಹದಿನಾಲ್ಕು. ಹಾಗಾದ್ರೆ ನಾನು ಅವಳ ಹತ್ರ ಹನ್ನೊಂದು ಸಲ ಮಾತಾಡಿದ ಹಾಗಾಯ್ತು."

ನನ್ನ ಹದಿನಾಲ್ಕನ್ನು ಅಲ್ಲಿ ಎಳೆದು ತರುವ ಅಗತ್ಯ ಇರಲಿಲ್ಲ.

ಬುಧವಾರ ಬಾಣದಕ್ಕ ಒಂದು ಉಪಾಯ ಮಾಡಿದಳು. ಒಂದು ಶರ್ಟಿನ ಕಾಲರ್ ನೋಡಿ ಮನಸ್ಸು ತುಂಬಿ, 'ಇಷ್ಟು ಚೆನ್ನಾಗಿರೋ ಕಾಲರ್ ನಾನು ಬೇರೆಲ್ಲೂ ನೋಡಿಲ್ಲ' ಎಂದು ಬರೆದು, ಅದರ ಮೇಲೇ ಅಂಟಿಸಿ ಕಳಿಸಿದಳು. ಬರೆಯಲು ಕೈಗೆ ಸಿಕ್ಕಿದ ಕಾಗದ ಯಾವುದು? ಅದೇ ಕೆಂಪು ಬಾಣ.

ಕಾಲರ್‌ನವಳು ಬಾಣ ಕಂಡಳು. ಓದುವುದುಂಟೇ? ಬಾಣವನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದಳು, ಕತ್ತರಿಯ ಮೊನೆಯಿಂದ ಕಾಲರನ್ನು ಪೂರ್ತಿ ಬಿಚ್ಚಿದಳು, ಮೂಗು ಒರೆಸಿಕೊಳ್ಳುತ್ತ ಮತ್ತೆ ಹೊಲಿದು ಕಳಿಸಿದಳು. ಹೋಗುವ ವಾರದಲ್ಲೂ ಬಿಡಲಿಲ್ಲವಲ್ಲ ಎಂದು ಅವಳ ಮುಖ ಗಂಟುಹಾಕಿಕೊಂಡಿತ್ತು. ಶರ್ಟು ವಾಪಸ್ ಬಂದಾಗ ಬಾಣದಕ್ಕ ಹಣೆ ಹಣೆ ಚಚ್ಚಿಕೊಂಡಳು.

"ಇನ್ನೊಂದು ಚೀಟಿ ಬರೀ ಅಕ್ಕ" ಎಂದೆ.

"ಯಾಕೆ, ಇನ್ನೊಂದು ಕಾಲರ್ ಬಿಚ್ಚಿಸೋಕಾ?"

ಬಾಯಿಬಿಟ್ಟು ಹೇಳುವುದೊಂದೇ ದಾರಿ. ಆದರೆ ಮೆಚ್ಚಿ ಮಾತಾಡಿ ಅಭ್ಯಾಸ ಬೇಕಲ್ಲ. ಗುರುವಾರ, ಶುಕ್ರವಾರ ಕೈತೊಳೆಯುವ ನಲ್ಲಿಯ ಹತ್ತಿರ ನನ್ನನ್ನು ನಿಲ್ಲಿಸಿಕೊಂಡು ತಾಲೀಮು ನಡೆಸಿದಳು. "ನಿನ್ನ ಕಾಲರಲ್ಲಿ ತಪ್ಪಿಲ್ಲ" ಎನ್ನುವುದರಿಂದ ಮುಂದಕ್ಕೆ ನಾಲಿಗೆ ಹೊರಳುತ್ತಿರಲಿಲ್ಲ. ಅದನ್ನೂ ಜಗಳಕ್ಕೆ ಬಂದವಳ ಹಾಗೆ ಹೇಳುತ್ತಿದ್ದಳು. ಇವಳಿಂದ ಆಗುವ ಕೆಲಸ ಅಲ್ಲ ಎಂದು ನಾನು ಕೈಬಿಟ್ಟೆ.

ಶನಿವಾರ ಸಂಜೆ ನಾಲ್ಕಕ್ಕೆ ಮ್ಯಾನೇಜರ್ ಮೆಷಿನ್ನುಗಳನ್ನೆಲ್ಲ ನಿಲ್ಲಿಸಿ ಬೀಳ್ಕೊಡುಗೆಯ ಮಾತಿಗೆ ನಿಂತ. ಕೈಯಲ್ಲಿ ಅವಳ ಕಾಗದ. ಅದನ್ನು ಓದಿದ್ದನೋ ಇಲ್ಲವೋ, ಗಾಳಿ ಹಾಕಿಕೊಳ್ಳಲಂತೂ ಬಳಸುತ್ತಿದ್ದ. "ಇವರು ಎಷ್ಟೋ ವರ್ಷದಿಂದ ಇಲ್ಲಿ ತೋಳು ಹೊಲಿದಿದ್ದಾರೆ" ಎಂದು ಶುರುಮಾಡಿದ.

ಯಾರೋ ಕಿಸಕ್ಕೆಂದರು. ತೋಳಿನವಳು ನಾನು, ಇನ್ನೂ ಬದುಕಿದ್ದೆ. ಕಾಲರ್‌ನವಳು ಮಾತ್ರ ತಲೆ ತಗ್ಗಿಸಿ ಚೀಲದ ಹಿಡಿಯನ್ನು ಸುತ್ತುತ್ತ ನಿಂತಿದ್ದಳು.

ಆಗ ಬಾಣದಕ್ಕ ಮೇಜು ಬಿಟ್ಟು ಬಂದಳು. ಕೈಯಲ್ಲೊಂದು ಶರ್ಟು.

"ತೋಳಲ್ಲ ಸಾರ್, ಕಾಲರ್" ಎಂದಳು. "ಇಲ್ಲಿ ನೋಡಿ. ಈ ಎರಡು ತುದಿ ಒಂದರ ಮೇಲೊಂದು ಇಡ್ತೀನಿ. ಕೂದಲೆಳೆಯಷ್ಟಾದ್ರೂ ಹೆಚ್ಚುಕಮ್ಮಿ ಇದ್ಯಾ? ತಿರುವಿಗೆ ಬಂದಾಗ ಎಲ್ಲರೂ ಅವಸರ ಮಾಡ್ತಾರೆ, ಅಲ್ಲಿ ಬಟ್ಟೆ ಉಬ್ಬುತ್ತೆ. ಇವಳು ತಿರುವಲ್ಲಿ ನಿಧಾನ ಮಾಡ್ತಾಳೆ. ಮಧ್ಯಾಹ್ನದ ಮೇಲೆ ನಮ್ಮೆಲ್ಲರ ಹೊಲಿಗೆ ಸಡಿಲ ಆಗುತ್ತೆ. ಇವಳದು ಬೆಳಿಗ್ಗೆ ಹೇಗೋ ಸಂಜೆನೂ ಹಾಗೇ. ಮಗನಿಗೆ ಜ್ವರ ಬಂದಿದ್ದ ವಾರ ಮಾತ್ರ ಎರಡು ಕಾಲರ್ ಎಡಕ್ಕೆ ಎಳೆದಿತ್ತು. ಆ ವಾರ ನಾನು ಬಾಣ ಕಳಿಸಲಿಲ್ಲ, ನಾನೇ ಬಿಚ್ಚಿ ಹೊಲಿದೆ. ದಿನಾ ನೋಡ್ತಿದ್ದೆ ಸಾರ್. ಹೇಳಬೇಕು ಅಂತ ಗೊತ್ತಾಗಲಿಲ್ಲ."

ಕಾಲರ್‌ನವಳು ಕಣ್ಣು ಒರೆಸಿಕೊಂಡಳು. ಚೀಲವನ್ನು ನೆಲಕ್ಕಿಟ್ಟು, ನೇರವಾಗಿ ಮ್ಯಾನೇಜರ್ ಹತ್ತಿರ ಹೋಗಿ ಕೈ ಚಾಚಿದಳು.

"ಸಾರ್, ಆ ಕಾಗದ ಇಲ್ಲಿ ಕೊಡಿ."

"ಯಾಕಮ್ಮ, ಏನಾದ್ರೂ ತಿದ್ದೋದಿದ್ಯಾ?"

"ನನ್ನ ಕೆಲಸ ಯಾರೂ ನೋಡಲ್ಲ ಅಂತ ಬರೆದಿದ್ದೆ ಸಾರ್" ಎಂದಳು. "ಅದು ತಪ್ಪು."