ವಾಕಡದ ಹೊಲದಲ್ಲಿ ಹನ್ನೊಂದು ಬುತ್ತಿ

ಭುವನೇಶ್ವರಿಬಾಯಿ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ನಿಂತು ಹೂಕುಂಡಕ್ಕೆ ಚರಗ ಚೆಲ್ಲುವುದನ್ನು ನೋಡಿದವಳು ಪುಣೆಯ ಇಡೀ ವಾಕಡದಲ್ಲಿ ನಾನೊಬ್ಬಳೇ. ನಾನು ಅವರ ಪಕ್ಕದ ಮನೆಯವಳು, ಮೈಸೂರಿನವಳು. ಈ ಹಬ್ಬ ನನಗೆ ಗೊತ್ತೇ ಇರಲಿಲ್ಲ. ಎಳ್ಳಮಾವಾಸ್ಯೆಯ ದಿನ ಅವರ ಬಿಜಾಪುರ ಸೀಮೆಯಲ್ಲಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರಂತೆ. ಮುಂದಿನವರು ‘ಹುಲ್ಲುಲ್ಲಿಗೋ’ ಎಂದು ಕೂಗಿ ಭೂಮಿತಾಯಿಗೆ ಚರಗ, ಅಂದರೆ ಎಡೆ, ಚೆಲ್ಲಿದರೆ, ಹಿಂದಿನವರು ‘ಚಲ್ಲಾಂಬರಿಗೋ’ ಎಂದು ಓಗೊಟ್ಟು ನೀರು ಚಿಮುಕಿಸುತ್ತಾರೆ. ಆಮೇಲೆ ಎಲ್ಲರೂ ಕೂಡಿ ಊಟ. ಸಿಂದಗಿಯಿಂದ ಮದುವೆಯಾಗಿ ಬಂದ ಮೇಲೆ ಹತ್ತೊಂಬತ್ತು ವರ್ಷ ಈಕೆ ಕುಂಡದ ಮುಂದೆ ಒಬ್ಬರೇ ಕೂಗಿದ್ದರು. ಹಿಂದೆ ಓಗೊಡುವವರು ಇರಲಿಲ್ಲ. ಗಂಡ ಅಂಬಾದಾಸರು ಆ ಹೊತ್ತಿಗೆ ಆಫೀಸಿನಲ್ಲಿ. ನಾನಾದರೂ ಓಗೊಡಬಹುದಿತ್ತು, ನಾಚಿಕೆಯಾಗಿ ಪರದೆ ಎಳೆದುಕೊಳ್ಳುತ್ತಿದ್ದೆ. ಅದನ್ನು ನೆನೆದರೆ ನನಗೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

೨೦೦೫ರಲ್ಲಿ ಮನೆಗೆ ಕಂಪ್ಯೂಟರ್ ಬಂತು. ಸಹಕಾರಿ ಸಂಘದಲ್ಲಿ ಗುಮಾಸ್ತಿಕೆ ಮಾಡುವ ಭುವನೇಶ್ವರಿಬಾಯಿ ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತ ಅಂತರ್ಜಾಲದ ಒಂದು ದೊಡ್ಡ ಕನ್ನಡ ವೇದಿಕೆಗೆ ಸೇರಿಕೊಂಡರು. ಅಲ್ಲಿ ಹದಿನೆಂಟು ಸಾವಿರ ಸದಸ್ಯರು. ‘ಪುಣೆದಾಗ ಚರಗಾ ಚೆಲ್ಲಾಕ ಯಾರದರ ಹೊಲಾ ಅದ ಏನ್ರಿ?’ ಎಂದು ಕೇಳಿದರು.

ಮೊದಲನೆಯವರು ಶುದ್ಧ ಕನ್ನಡದಲ್ಲಿ ಬರೆಯಿರಿ ಎಂದರು. ಎರಡನೆಯವರು ಹೆಂಗಸರು ಚರಗ ಚೆಲ್ಲಬಹುದೇ ಎಂದು ಶಂಕೆ ತೆಗೆದರು. ಮೂರನೆಯವರು ಇದು ಕಲಬುರ್ಗಿಯ ಹಬ್ಬ, ಬಿಜಾಪುರದವರದು ಬರೀ ನಕಲು ಎಂದರು. ಅಲ್ಲಿಗೆ ಬೆಂಕಿ ಹತ್ತಿತು. ಇನ್ನೂರ ಹನ್ನೆರಡು ಉತ್ತರ ಬಂದವು. ಹೊಲದ ಮಾತು ಒಂದರಲ್ಲೂ ಇಲ್ಲ. ಕೊನೆಗೆ ಮೇಲ್ವಿಚಾರಕರು, ಜಾಗ ಕೇಳುವುದಕ್ಕೆ ಜಾಹೀರಾತು ವಿಭಾಗವಿದೆ ಎಂದು ಚರ್ಚೆಗೆ ಬಾಗಿಲು ಹಾಕಿದರು.

‘ಹೊಲಾ ಕೇಳಿದ್ರ ನ್ಯಾಯಾ ಕೂಡ್ಸ್ಯಾರ ನೋಡ್ರಿ!’ ಎಂದು ನನ್ನೆದುರು ಕೆಂಡವಾದರು. ಅಳುತ್ತಾರೇನೋ ಅಂದುಕೊಂಡೆ. ಅವರು ಅಳಲಿಲ್ಲ, ಪೆನ್ನು ತೆಗೆದುಕೊಂಡರು. ಜಗಳಾಡಿದವರ ಹೆಸರಿನ ಕೆಳಗೆ ಊರು ಇರುತ್ತಿತ್ತು. ಪುಣೆಯವರನ್ನು ಹೆಕ್ಕಿ ಪಟ್ಟಿ ಮಾಡಿ, ಒಬ್ಬೊಬ್ಬರಿಗೂ ಬೇರೆ ಬೇರೆ ಇಮೇಲ್ ಬರೆದರು. ಇನ್ನೂರರ ನಡುವೆ ಹುಲಿಯಾಗಿದ್ದವರೆಲ್ಲ ಒಂಟಿಯಾಗಿ ಸಿಕ್ಕಾಗ ಎಷ್ಟು ಮೆತ್ತಗಿದ್ದರು! ಬಿಜಾಪುರವನ್ನು ನಕಲು ಎಂದ ಮಹಾಶಯ ಪುಣೆಯದೇ ಇನ್ನೊಂದು ತುದಿಯ ಖರಾಡಿಯ ಈರಬಸಪ್ಪ. ‘ಅಕ್ಕಾರ, ನಾನೂ ಹದಿನಾಲ್ಕು ವರ್ಷದಿಂದ ಹೊಲಾ ಕಂಡಿಲ್ರಿ’ ಎಂದು ಬರೆದರು.

ಹೀಗೆ ಸಣ್ಣದೊಂದು ಇಮೇಲ್ ಗುಂಪು ಹುಟ್ಟಿತು. ಅದಕ್ಕೆ ಅಧ್ಯಕ್ಷರಿಲ್ಲ, ಮೇಲ್ವಿಚಾರಕರಿಲ್ಲ. ಭುವನೇಶ್ವರಿಬಾಯಿಯ ನಿಯಮ ಒಂದೇ: ‘ಒಂದು ಪಂಕ್ತಿಗೆ ಕೂಡೂವಷ್ಟ ಮಂದಿ ಸಾಕು. ಹೆಚ್ಚಾದ್ರ ಬ್ಯಾರೆ ಪಂಕ್ತಿ ಹಾಕ್ಕೋರಿ.’ ದೀಪಾವಳಿಯ ಹೊತ್ತಿಗೆ ಖರಾಡಿಯವರು ತಮ್ಮದೇ ಗುಂಪು ಮಾಡಿಕೊಂಡರು. ರಾಂಜಣಗಾಂವದ ಕಾರ್ಖಾನೆಯ ಅವ್ವಣ್ಣ, ಸೈಬರ್ ಕೆಫೆಯಲ್ಲಿ ಕುಳಿತು ಮೂರನೆಯದನ್ನು ಕಟ್ಟಿದ. ಯಾವುದೂ ಯಾವುದಕ್ಕೂ ಅಧೀನವಲ್ಲ. ಸುದ್ದಿ ಮಾತ್ರ ಬೀಗರ ಮನೆಗೆ ಹೋದಂತೆ ಅತ್ತಿತ್ತ ಹೋಗಿ ಬರುತ್ತಿತ್ತು.

ಹೊಲ ಸಿಕ್ಕಿದ್ದು ನಮ್ಮ ಗೇಟಿನೆದುರೇ. ಅಲ್ಲಿ ಮೆಂತ್ಯೆಸೊಪ್ಪು ಮಾರುವ ರಂಗೂಬಾಯಿಗೆ, ಕಟ್ಟಡಗಳ ಹಿಂದೆ ಅರ್ಧ ಎಕರೆ ಜೋಳವಿತ್ತು. ಕೇಳಿದ್ದೇ ತಡ, ಮರಾಠಿಯಲ್ಲಿ ‘ಯಾ ಕೀ’, ಬನ್ನಿ ಅದಕ್ಕೇನಂತೆ, ಎಂದುಬಿಟ್ಟಳು. ಹದಿನೆಂಟು ಸಾವಿರ ಜನರನ್ನು ಕೇಳಿದ ಹೆಂಗಸು ಸೊಪ್ಪಿನವಳನ್ನು ಕೇಳಿರಲಿಲ್ಲ!

ಎಳ್ಳಮಾವಾಸ್ಯೆಗೆ ಮೂರೂ ಗುಂಪಿನಿಂದ ಹನ್ನೊಂದು ಮನೆಯವರು ಬಂದರು, ನೋಡಲು ನಾನೂ ಹೋದೆ. ಎದೆಯೆತ್ತರದ ಜೋಳದ ನಡುವೆ ಜಮಖಾನ ಹಾಸಿ ಬುತ್ತಿ ಬಿಚ್ಚಿದರೆ, ಹನ್ನೊಂದರಲ್ಲೂ ಬರೀ ಶೇಂಗಾ ಹೋಳಿಗೆ! ರೊಟ್ಟಿಯನ್ನು ಹೇಗೂ ಎಲ್ಲರೂ ತರುತ್ತಾರೆ, ನಮ್ಮೂರಿನ ಮಾನ ಉಳಿಸಲು ನಾವು ಹೋಳಿಗೆ ಒಯ್ಯೋಣ ಎಂದು ಪ್ರತಿ ಮನೆಯಲ್ಲೂ ಲೆಕ್ಕ ಹಾಕಿದ್ದರು. ಅಧ್ಯಕ್ಷರಿಲ್ಲದ ಗುಂಪಿನ ಸುಖ ಇದು. ರೊಟ್ಟಿ ಮುರಿದು ಕಲಸದೆ ಚರಗ ಆಗುವುದಿಲ್ಲ. ಭುವನೇಶ್ವರಿಬಾಯಿಯ ಮುಖ ಸಪ್ಪಗಾಯಿತು.

ರಂಗೂಬಾಯಿ ಬಿದ್ದು ಬಿದ್ದು ನಕ್ಕಳು. ನಗುತ್ತಲೇ ಮೂರು ಕಲ್ಲು ಹೂಡಿ ಬೆಂಕಿ ಹಾಕಿ, ಮನೆಯಿಂದ ತಂದ, ಅದೇ ಹೊಲದ ಹಿಂದಿನ ವರ್ಷದ ಜೋಳದ ಹಿಟ್ಟಿನಲ್ಲಿ ಭಾಕರಿ, ಅಂದರೆ ರೊಟ್ಟಿಯನ್ನೇ, ತಟ್ಟಿದಳು. ನಮ್ಮ ಹೆಂಗಸರೂ ಸೆರಗು ಸಿಕ್ಕಿಸಿ ಜೊತೆಗೆ ಕೂತರು.

ಎಡೆಯ ಬುಟ್ಟಿ ಹಿಡಿದು ಭುವನೇಶ್ವರಿಬಾಯಿ ಸಾಲಿನ ಮುಂದೆ ನಿಂತರು. ನೀರಿನ ತಂಬಿಗೆಯನ್ನು, ಯಾಕೋ ಏನೋ, ನನ್ನ ಕೈಗೆ ಕೊಟ್ಟರು.

‘ಹುಲ್ಲುಲ್ಲಿಗೋ!’

ಎಲ್ಲರೂ ನನ್ನತ್ತ ನೋಡಿದರು. ತಂಬಿಗೆ ಇದ್ದದ್ದು ನನ್ನ ಕೈಯಲ್ಲಿ. ಕಣ್ಣು ಮುಚ್ಚಿಕೊಂಡು ‘ಚಲ್ಲಾಂಬರಿಗೋ’ ಎಂದೆ.

ಅವರು ಗಕ್ಕನೆ ತಿರುಗಿದರು. ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

‘ಮೈಸೂರಬಾಯಾರ, ಹತ್ತೊಂಬತ್ತು ವರ್ಷ ಆತು. ಇನ್ನೊಂದೀಟು ಜೋರಾಗಿ ಒದರ್ರಿ!’

ಒದರಿದೆ.