ಹೇಮಾ ಟೀಚರ್ ಮಾಡಿದ ವಂದನಾರ್ಪಣೆ

ಹೇಮಾ ಒಂದು ಕಡೆ ಸುಮ್ಮನೆ ಕೂರುವವಳಲ್ಲ. ಭಾಗ್ಯನಗರದ ಪ್ರೌಢಶಾಲೆಯಲ್ಲಿ ಗಣಿತ ಹೇಳುವಾಗಲೂ ಬೆಂಚುಗಳ ನಡುವೆ ಓಡಾಡುತ್ತಲೇ ಇರುವಳು. ಕೊಪ್ಪಳದ ಸೇವಾ ಕ್ಲಬ್ಬಿನವರು ಅವಳನ್ನು ಕಾರ್ಯದರ್ಶಿ ಮಾಡಿದ್ದೂ ಅದಕ್ಕೇ. ಪ್ರತಿ ಗುರುವಾರದ ಸಭೆಗೆ ಅತಿಥಿಯನ್ನು ಗೊತ್ತುಮಾಡುವುದು, ಕೊನೆಗೆ ವಂದನಾರ್ಪಣೆ ಮಾಡುವುದು ಅವಳ ಪಾಲಿನ ಕೆಲಸ. ಕೊರೊನಾ ಬಂದ ಮೇಲೆ ಹೋಟೆಲ್ಲಿನ ಮಹಡಿಯ ಸಭೆ ಮೊಬೈಲಿಗೆ ಇಳಿಯಿತು. ಯೋಗದವರು, ಆಯುರ್ವೇದದವರು, ದೊಡ್ಡ ಊರಿನ ಡಾಕ್ಟರು ಬಂದು ಮಾತಾಡಿ ಹೋದರು. ಸದಸ್ಯರು ಕ್ಯಾಮೆರಾ ಬಂದ್ ಮಾಡಿಕೊಂಡು ಚಹಾ ಕುಡಿಯುತ್ತಿದ್ದರು.

ಎರಡನೆಯ ಅಲೆಯ ಮೇ ತಿಂಗಳಲ್ಲಿ ಅವಳ ಮಾವ ವಿರುಪಣ್ಣನವರಿಗೆ ಜ್ವರ ಬಂದು ಕೆಮ್ಮು ಹತ್ತಿತು. ಹಿಂದಿನ ವಾರವಷ್ಟೇ ಅವರ ಗೆಳೆಯರೊಬ್ಬರು ಆಂಬುಲೆನ್ಸ್ ಹತ್ತಿ ಹೋದವರು ತಿರುಗಿ ಬಂದಿರಲಿಲ್ಲ. ಮುದುಕರು ಸೊಸೆಯ ಕೈ ಬಿಡಲೊಲ್ಲರು.

"ನನ್ನ ಕಳಸಬ್ಯಾಡವಾ. ಏನಾದ್ರೂ ಇಲ್ಲೇ ಆಗ್ಲಿ."

ಗಂಡ ಗೋವಿಂದರಾಜ ಪರಿಚಯದ ಅಂಗಡಿಯಿಂದ ಗುಳಿಗೆ ತಂದ. ಮರುದಿನ ಆಶಾ ಕಾರ್ಯಕರ್ತೆ ನಸೀಮಾಬಿ ಗೇಟಿನ ಮುಂದೆ ನಿಂತು ಯಾರಿಗಾದರೂ ಜ್ವರವಿದೆಯೇ ಎಂದು ಕೇಳಿದಾಗ, ಹೇಮಾ ಕಿಟಕಿಯಿಂದಲೇ ಎಲ್ಲರೂ ಆರಾಮ ಇದ್ದೇವೆ ಎಂದುಬಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ನಸೀಮಾಬಿ ತುಸು ಹೊತ್ತು ನಿಂತು, ಏನೋ ಬರೆದುಕೊಂಡು ಮುಂದಿನ ಮನೆಗೆ ನಡೆದಳು.

ವಿರುಪಣ್ಣನವರು ಗುಣವಾದರು. ಆದರೆ ದಿನಾ ಮನೆಯೊಳಗೆ ಬಂದು ಹಾಲು ಹಾಕಿ, ಮುದುಕರೊಡನೆ ಎರಡು ಮಾತಾಡಿ ಹೋಗುತ್ತಿದ್ದ ಮಾಳವ್ವ ಜ್ವರ ಬಂದು ಆಸ್ಪತ್ರೆ ಸೇರಿದಳು. ಆಕ್ಸಿಜನ್ ಹಚ್ಚಿದ್ದಾರೆ ಎಂಬ ಸುದ್ದಿ ಬಂತು. ಅವಳಿಗೆ ಎಲ್ಲಿಂದ ಬೇಕಾದರೂ ಹತ್ತಿರಬಹುದು ಎಂದ ಗೋವಿಂದರಾಜ. ಇರಬಹುದು. ಆದರೂ ಹೇಮಾಳಿಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ಅದೇ ವಾರ ಕ್ಲಬ್ಬಿನ ಅಧ್ಯಕ್ಷ, ಬೀಜದ ವ್ಯಾಪಾರಿ ಶರಣಬಸಪ್ಪನವರು ಫೋನು ಮಾಡಿದರು. ದೊಡ್ಡವರ ಭಾಷಣ ಸಾಕು, ಈ ಸಲ ನಮ್ಮ ಓಣಿಗಳಲ್ಲಿ ತಿರುಗುವವರ ಮಾತು ಕೇಳೋಣ, ನಸೀಮಾಬಿಯನ್ನು ಒಪ್ಪಿಸಿದ್ದೇನೆ ಎಂದರು. ನೆಟ್‌ವರ್ಕ್ ಇಲ್ಲವೆನ್ನಲೇ, ತಲೆನೋವು ಎನ್ನಲೇ ಎಂದು ಹೇಮಾ ಯೋಚಿಸುವುದರೊಳಗೆ ಅವರು ಫೋನು ಇಟ್ಟಿದ್ದರು.

ಗುರುವಾರ ಸಂಜೆ ಆರಕ್ಕೆ ನಸೀಮಾಬಿ ಯಾರದೋ ಕಟ್ಟೆಯ ಮೇಲೆ ಕೂತೇ ಮೊಬೈಲಿನಲ್ಲಿ ಮಾತು ಶುರುಮಾಡಿದಳು. ಬಿಸಿಲಿನಲ್ಲಿ ಮನೆಮನೆ ಅಲೆದದ್ದು, ಕುಡಿಯಲು ನೀರು ಕೇಳಿದರೆ ಜನ ಹಿಂದೆ ಸರಿದದ್ದು, ಕೆಲವರು ಜ್ವರ ಮುಚ್ಚಿಟ್ಟದ್ದು ಎಲ್ಲವನ್ನೂ ಸಿಟ್ಟಿಲ್ಲದೆ ಹೇಳಿದಳು. ಕಲಿತವರ ಮನೆಯೊಂದರಲ್ಲಿ, ಒಳಗೆ ಕೆಮ್ಮು ಕೇಳುತ್ತಿದ್ದರೂ ಯಾರಿಗೂ ಏನೂ ಇಲ್ಲವೆಂದರು ಎಂದಳು. ಹೇಮಾ ಕುರ್ಚಿ ಬಿಟ್ಟೆದ್ದು ಗೋಡೆಯಿಂದ ಗೋಡೆಗೆ ನಡೆಯತೊಡಗಿದಳು. ಅದು ಯಾರ ಮನೆ ಎಂದು ಶರಣಬಸಪ್ಪನವರು ಕೇಳಿಯೇ ಬಿಟ್ಟರು.

"ಹೆಸರು ಹೇಳೂದಿಲ್ರಿ ಸರ್," ಎಂದಳು ನಸೀಮಾಬಿ. "ಹೇಳಿದ್ರ ನಾಳೆ ನನಗ ಯಾರೂ ಬಾಗಲಾ ತೆಗಿಯಂಗಿಲ್ಲ."

ಇನ್ನು ವಂದನಾರ್ಪಣೆ ಎಂದರು ಅಧ್ಯಕ್ಷರು. ಹೇಮಾ ಬರೆದಿಟ್ಟುಕೊಂಡ ಚೀಟಿ ಕೈಯಲ್ಲಿ ಮುದ್ದೆಯಾಗಿತ್ತು. ಅತಿಥಿಗಳಿಗೆ ಧನ್ಯವಾದ ಎಂದಳು. ಚೀಟಿಯನ್ನು ಪಕ್ಕಕ್ಕಿಟ್ಟಳು.

"ಆ ಮನಿ ನಮ್ಮದ್ರಿ," ಎಂದಳು. "ಸುಳ್ಳು ಹೇಳಿದಾಕಿ ನಾನು. ನಮ್ಮ ಮನಿಗೆ ಹಾಲು ತರಾಕಿ ಈಗ ಆಸ್ಪತ್ರ್ಯಾಗ ಅದಾಳ."

ಒಬ್ಬೊಬ್ಬರೇ ಸಭೆಯಿಂದ ಹೊರಗೆ ಹೋದರು. ಬಾಗಿಲಲ್ಲಿ ನಿಂತಿದ್ದ ಗೋವಿಂದರಾಜ, ಊರಿಗೆಲ್ಲ ಸಾರುವ ಜರೂರು ಏನಿತ್ತು ಎಂದು ಕೇಳಿ ಎರಡು ದಿನ ಮಾತು ಬಿಟ್ಟ. ಕಾರ್ಯದರ್ಶಿಯನ್ನು ಬದಲಿಸಿರೆಂದು ಕ್ಲಬ್ಬಿನ ಮೂವರು ಹಟ ಹಿಡಿದರು. ಶರಣಬಸಪ್ಪನವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮಾಳವ್ವ ಹನ್ನೆರಡು ದಿನಕ್ಕೆ ಮನೆಗೆ ಬಂದಳು. ಹೇಮಾ ಹೋಗಿ ಅಂಗಳದಲ್ಲೇ ನಿಂತು ನಡೆದದ್ದನ್ನೆಲ್ಲ ಹೇಳಿದಳು. ಸೊರಗಿದ ಮಾಳವ್ವ ಗೋಡೆಗೆ ಒರಗಿ ಕೇಳಿಸಿಕೊಂಡಳು.

"ಆವತ್ತೇ ಹೇಳಿದ್ರ, ಹೊರಗ ನಿಂತು ಹಾಲು ಹಾಕಿ ಹೋಗ್ತಿದ್ನಲ್ರೀ ಅಕ್ಕಾರ."

ಬೈದಿದ್ದರೆ ಹೇಮಾಳಿಗೆ ಹಗುರವಾಗುತ್ತಿತ್ತು. ಮಾಳವ್ವ ಬೈಯಲಿಲ್ಲ. ಆ ಮನೆಗೆ ಮತ್ತೆ ಹಾಲನ್ನೂ ಹಾಕಲಿಲ್ಲ.

ಜೂನ್ ಮೊದಲ ವಾರ ನಸೀಮಾಬಿಯ ಫೋನು ಬಂತು. ಹಿಂದಿನ ಓಣಿಯಲ್ಲಿ ಜ್ವರವಿರುವ ಎರಡು ಮನೆಯವರು ಬಾಗಿಲು ತೆಗೆಯುತ್ತಿಲ್ಲ, ನಿಮ್ಮ ಮನೆಯಲ್ಲಿ ಆದದ್ದನ್ನು ನೀವೇ ಬಂದು ಹೇಳಿ ಎಂದಳು. ಹೇಮಾ ಚಪ್ಪಲಿ ಮೆಟ್ಟಿ ಹೊರಟಳು. ಮೊದಲ ಮನೆಯವರು ಒಳಗಿಂದಲೇ ಹೋಗಿರೆಂದರು. ಎರಡನೆಯ ಮನೆಯ ಮುದುಕಿ ಹುಲಗಮ್ಮ ಕಿಟಕಿಯ ಸರಳು ಹಿಡಿದು ಎಲ್ಲ ಕೇಳಿ, ಆಂಬುಲೆನ್ಸ್ ಹತ್ತಿಸಿದರೆ ನೀನೂ ಜೊತೆಗೆ ಬರುತ್ತೀಯೇನು ಎಂದು ಕೇಳಿದಳು. ಆಸ್ಪತ್ರೆಯ ಬಾಗಿಲ ತನಕ ಬರುತ್ತೇನೆ, ಒಳಗೆ ಬಿಡುವುದಿಲ್ಲ ಎಂದಳು ಹೇಮಾ. ಮುದುಕಿ ಸರಳಿನ ಸಂದಿಯಿಂದ ಬೆರಳು ಹೊರಗೆ ಚಾಚಿದಳು. ಪಕ್ಕದಲ್ಲೇ ಇದ್ದ ನಸೀಮಾಬಿ ಅದಕ್ಕೆ ಆಕ್ಸಿಮೀಟರ್ ಹಚ್ಚಿದಳು.