ಮಲ್ಲೇಶ್ವರಂವರೆಗೆ ಕೋಡುಬಳೆ ದಂಡಯಾತ್ರೆ

ಬೆಳಿಗ್ಗೆ ಕಾಫಿ ಮುಗಿಸಿ ನಾನೂ ನಮ್ಮ ದೊಡ್ಡಮ್ಮನೂ ತ್ಯಾಗರಾಜನಗರ ಬಿಟ್ವಿ. ಜೊತೇಲಿ ಒಂದು ಡಬ್ಬ ಕೋಡುಬಳೆ, ನನ್ನ ಫೋನು, ಛತ್ರಿ, ಸ್ವೆಟರ್ರು, ನೀರಿನ ಬಾಟ್ಲು. ಹಿಮಾಲಯ ಹತ್ತೋರೂ ಇದಕ್ಕಿಂತ ಕಮ್ಮಿ ಹೊತ್ಕೊಂಡು ಹೋಗ್ತಾರೆ.

ದೊಡ್ಡಮ್ಮ ಮನೇಲೇ ಕೋಡುಬಳೆ ಮಾಡಿ ಮಾರ್ತಾರೆ. ಮುಂಚೆ ಒಂದು ಅಂಗಡಿಗೆ ಕೊಡ್ತಿದ್ರು. ಅಂಗಡಿಯವನು ಅದಕ್ಕೆ ತನ್ನ ಹೆಸರು ಅಂಟಿಸ್ಕೊಂಡು ಮಾರ್ತಿದ್ದ. ಅದನ್ನ ನೋಡಕ್ಕಾಗ್ದೆ ನಾನು ಅವರ ಹೆಸರಲ್ಲೇ ಒಂದು ವೆಬ್‌ಸೈಟ್ ಮಾಡ್ಕೊಟ್ಟೆ. ಜನ ಬಂದು ನೋಡ್ತಿದ್ರು, ಆರ್ಡರ್ ಮಾತ್ರ ಒಬ್ರೂ ಹಾಕ್ತಿರ್ಲಿಲ್ಲ. ಯಾಕೆ ಅಂತ ಇವತ್ತು ಗೊತ್ತಾಗ್ಲಿಲ್ಲ ಅಂದ್ರೆ ನಾಳೆಯಿಂದ ಮತ್ತೆ ಅಂಗಡಿಗೇ ಕೊಡ್ತೀನಿ ಅಂತ ದೊಡ್ಡಮ್ಮ ಹೇಳ್ಬಿಟ್ಟಿದ್ರು.

ಇಂಥದ್ದನ್ನ ಪತ್ತೆ ಮಾಡಕ್ಕೆ ದೊಡ್ಡ ಕಂಪ್ನಿಗಳು ಕೋಟು ಹಾಕ್ಕೊಂಡೋರನ್ನ ಕರೆಸ್ತಾರೆ. ನಮ್ಮದು ಬಡವರ ವಿಧಾನ. ಗೊತ್ತಿಲ್ದೋರ ಕೈಗೆ ಫೋನ್ ಕೊಡು, ಸ್ವಲ್ಪ ನೋಡಿ ಅನ್ನು, ಆಮೇಲೆ ಬಾಯ್ಮುಚ್ಕೊಂಡು ನಿಂತ್ಕೋ. ಮುಗಿದ್ಮೇಲೆ ಕೋಡುಬಳೆ ಕೊಡು. ಬಾಯ್ಮುಚ್ಚೋ ಭಾಗ ನಮ್ಮ ಮನೆತನದಲ್ಲಿ ಇದುವರೆಗೂ ಯಾರೂ ಮಾಡಿದ್ದಿಲ್ಲ.

ಆಟೋ ಹಿಡಿದು ಗಾಂಧಿಬಜಾರಿಗೆ ಬಂದ್ವಿ. ಮೋಡ ಇತ್ತು, ಮಳೆ ಇರ್ಲಿಲ್ಲ. ಹೂವು ತಗೋತಿದ್ದ ಒಬ್ರು ಅಂಕಲ್ ಫೋನ್ ಇಸ್ಕೊಂಡು ಕನ್ನಡಕ ಏರಿಸಿದ್ರು. ನನ್ನ ಮೊದಲ ಪುಟ ತೆರ್ಕೊಳ್ತು. ಮಧ್ಯದಲ್ಲಿ ಗಣಪತಿ, ಆಚೆ ಈಚೆ ದೀಪ, ತಾನಾಗೇ ಬಿಡಿಸ್ಕೊಳ್ಳೋ ರಂಗೋಲಿ, ಮೇಲಿಂದ ಧಾರಾಕಾರ ಹೂಮಳೆ. ಕೆಳಗೆಲ್ಲೋ ಇರುವೆ ಗಾತ್ರದಲ್ಲಿ ‘ಒಳಗೆ ಬನ್ನಿ’ ಅಂತ ಬಟನ್ನು. ಅಂಕಲ್ ಚಪ್ಪಲಿಯಿಂದ ಕಾಲು ಆಚೆ ತೆಗೆದ್ರು, ಫೋನನ್ನ ಕಣ್ಣಿಗೊತ್ಕೊಂಡು ನನ್ನ ಕೈಗೇ ವಾಪಸ್ ಇಟ್ರು. ನಿಮ್ಮನೇಲೂ ಎಲ್ಲಾರ್ಗೂ ಒಳ್ಳೇದಾಗ್ಲಿ ಅಂದ್ರು. ಒಳಗೆ ಕೋಡುಬಳೆ ಇದೆ ಸಾರ್ ಅನ್ನೋದನ್ನ ನುಂಗಿ ನುಂಗಿ ನನ್ನ ಹೊಟ್ಟೆ ತುಂಬೋಯ್ತು.

ಚಾಮರಾಜಪೇಟೆಗೆ ಬಸ್ಸಲ್ಲಿ ಹೋದ್ವಿ. ಬಸ್ ಸ್ಟಾಪಲ್ಲಿ ನಿಂತಿದ್ದ ಒಬ್ರು ಟೀಚರ್ ಹೂಮಳೆ ನಿಲ್ಲೋವರ್ಗೂ ಕೂಡ ಕಾಯ್ಲಿಲ್ಲ.

“ಇದು ನಮ್ ಫ್ಯಾಮಿಲಿ ಗ್ರೂಪಿಗೆ ದಿನಾ ಬರುತ್ತೆ ಕಣಪ್ಪ,” ಅಂದ್ರು. “ಗುಡ್ ಮಾರ್ನಿಂಗ್ ಮೆಸೇಜ್ ತಾನೆ?”

ನಾವಿಬ್ರೂ ಮುಖ ಮುಖ ನೋಡ್ಕೊಂಡ್ವಿ. ಇಷ್ಟು ದಿನ ವೆಬ್‌ಸೈಟಿಗೆ ಬಂದೋರೆಲ್ಲ ನಮ್ಮ ಅಂಗಡಿ ಬಾಗ್ಲಲ್ಲೇ ನಮಸ್ಕಾರ ಹಾಕಿ ಮನೆಗೆ ಹೋಗ್ತಿದ್ರು.

ಮಲ್ಲೇಶ್ವರಂ ಕಡೆ ಮೆಟ್ರೋದಲ್ಲಿ ಕೂತು ಜಗಳ ಶುರು ಮಾಡಿದ್ವಿ, ಮೆಲ್ಲಗೆ. ಗಣಪತಿ ಇಡಿಸಿದ್ದು ದೊಡ್ಡಮ್ಮ, ಹೂಮಳೆ ಸುರಿಸಿದ್ದು ನಾನು. ದೇವ್ರನ್ನ ತೆಗೆಯೋ ಮಾತೇ ಆಡ್ಬೇಡ ಅಂದ್ರು. ಅಂಗಡೀಲಿ ದೇವ್ರ ಫೋಟೋ ಎಲ್ಲಿ ಹಾಕ್ತಾರೆ ಅಂತ ಕೇಳ್ದೆ. ಗಲ್ಲಾಪೆಟ್ಟಿಗೆ ಮೇಲೆ ಅಂದ್ರು.

“ಮತ್ತೆ ನಾವ್ಯಾಕೆ ಬಾಗ್ಲಿಗೆ ಅಡ್ಡ ಕೂರ್ಸಿದೀವಿ?”

ಅವರು ಒಂದು ಸ್ಟೇಷನ್ ಪೂರ್ತಿ ಯೋಚನೆ ಮಾಡಿದ್ರು. “ಸರಿ, ಗಣಪತಿ ಚಿಕ್ಕದಾಗಿ ಮೇಲ್ಗಡೆ ಇರ್ಲಿ. ನಿನ್ನ ಹೂವು ಗುಡಿಸಿ ಹಾಕು.”

ಮಲ್ಲೇಶ್ವರಂ ಎಂಟನೇ ಕ್ರಾಸ್ ಹತ್ರ ಒಂದು ಕಲ್ಲು ಬೆಂಚಿನ ಮೇಲೆ ಕೂತು ಫೋನಲ್ಲೇ ಎಲ್ಲಾ ಗುಡಿಸ್ದೆ. ರಂಗೋಲಿ ಹೋಗ್ಬೇಕಾದ್ರೆ ನನ್ನ ಕರುಳೇ ಕಿತ್ತು ಬಂದಂಗಾಯ್ತು. ನನ್ನ ಸಮಾಧಾನಕ್ಕೆ ದೊಡ್ಡಮ್ಮ ಮಸಾಲೆ ಮಜ್ಜಿಗೆ ಕೊಡಿಸಿದ್ರು.

ಆಮೇಲೆ ತರಕಾರಿ ಚೀಲ ಹಿಡ್ಕೊಂಡು ಬರ್ತಿದ್ದ ಒಬ್ರು ಆಂಟಿಗೆ ಫೋನ್ ಕೊಟ್ಟೆ. ಈ ಸಲ ತೆರ್ಕೊಂಡಿದ್ದೇ ಕೋಡುಬಳೆ. ಆಂಟಿ ಚೀಲ ಕೆಳಗಿಟ್ರು. ಅಲ್ಲಿವರೆಗೂ ಯಾರೂ ಏನನ್ನೂ ಕೆಳಗಿಟ್ಟಿರ್ಲಿಲ್ಲ. ಬೆರಳಲ್ಲಿ ಮೇಲೆ ಕೆಳಗೆ ಎಳೆದ್ರು, ಚಿತ್ರ ದೊಡ್ಡದು ಮಾಡಿ ನೋಡಿದ್ರು.

“ಶಾರದಮ್ಮನ ಕೋಡುಬಳೆ,” ಅಂತ ಓದಿದ್ರು. “ಯಾರಪ್ಪ ಈ ಶಾರದಮ್ಮ?”

ನಾನು ಹಲ್ಲು ಕಚ್ಕೊಂಡು ಮರದ ಕಡೆ ನೋಡ್ದೆ. ಪಕ್ಕದಲ್ಲಿ ದೊಡ್ಡಮ್ಮ ಸೆರಗು ಸರಿ ಮಾಡ್ಕೊಂಡ್ರು.

“ನಾನೇ,” ಅಂದ್ರು.

ಆಂಟಿ ಅವರನ್ನೊಂದ್ಸಲ, ಫೋನನ್ನೊಂದ್ಸಲ ನೋಡಿ, ಖಾರ ಎಷ್ಟಿರುತ್ತೆ ಅಂತ ವಿಚಾರಿಸಿ, ತಮ್ಮ ಅಡ್ರೆಸ್ ಟೈಪ್ ಮಾಡಕ್ಕೆ ಶುರು ಮಾಡಿದ್ರು. ರುಚಿಗೆ ಅಂತ ಕೊಟ್ಟ ಕೋಡುಬಳೇನ ಆರ್ಡರ್ ಹಾಕಿದ್ಮೇಲೇ ತಿಂದಿದ್ದು.

ವಾಪಸ್ ಮೆಟ್ರೋದಲ್ಲಿ ಜಾಗ ಸಿಕ್ತು, ಫೋನ್ ಮಾತ್ರ ನನಗೆ ಸಿಗ್ಲೇ ಇಲ್ಲ. ದೊಡ್ಡಮ್ಮ ಆ ಆರ್ಡರನ್ನೇ ತೆಗೆದು, ತಮ್ಮ ಹೆಸರಿನ ಮೇಲೆ ಬೆರಳಿಟ್ಕೊಂಡು ಕೂತಿದ್ರು. ನಾವು ಇಳೀಬೇಕಾದ ಸ್ಟೇಷನ್ ಬಂತು, ಬಾಗ್ಲು ತೆರೀತು, ಮುಚ್ಕೊಳ್ತು. ಇಳಿಯೋಣ ಏಳಿ ಅಂತ ನಾನು ಹೇಳ್ಲಿಲ್ಲ.